ಸಾಮಿಲ್ ಪಾಂಡಿನ ದಾಸೋಹ

ಅಡಿವೆಪ್ಪ ಗಾಳ ಹಿಡಿದದ್ದು ಮೀನಿನ ಆಸೆಗಲ್ಲ. ಬಾಯಿ ತಪ್ಪಿ ಬಂದ ಒಂದು ‘ಯೆಸ್’ನಿಂದಾಗಿ.

ನ್ಯೂಜೆರ್ಸಿಯ ರಾಬಿನ್ಸ್‌ವಿಲ್‌ನಿಂದ ಸ್ವಲ್ಪ ದೂರದಲ್ಲಿ, ಆಲೂಗಡ್ಡೆ ಹೊಲಗಳ ನಡುವೆ ಒಂದು ಪೇಂಟ್ ಕಾರ್ಖಾನೆ ಇತ್ತು. ಧಾರವಾಡದ ಅಡಿವೆಪ್ಪ ಅಲ್ಲಿ ಕೆಮಿಕಲ್ ಇಂಜಿನಿಯರ್. 1973ರ ಫೆಬ್ರವರಿಯ ಒಂದು ಮಧ್ಯಾಹ್ನ ಪ್ಲಾಂಟ್ ಮ್ಯಾನೇಜರ್ ಕ್ಯಾಸ್ ಡುಡೆಕ್ ಕ್ಯಾಂಟೀನಿನಲ್ಲಿ ಅವನ ಎದುರಿಗೆ ಬಂದು ಕೂತು, “ಆಡಿ, ನೀನು ಫಿಶಿಂಗ್ ಮಾಡ್ತೀಯಾ?” ಎಂದು ಕೇಳಿದ. ಅಡಿವೆಪ್ಪ ಎಂಬ ಹೆಸರು ಡುಡೆಕ್‌ನ ಬಾಯಲ್ಲಿ ಮೊದಲ ದಿನವೇ ಆಡಿ ಆಗಿತ್ತು.

ಡುಡೆಕ್ ಊರಿನ ಮೀನುಗಾರರ ಕ್ಲಬ್ಬಿಗೆ ಅಧ್ಯಕ್ಷ. ಕಾರ್ಖಾನೆಯಲ್ಲಿ ಯಾರು ಯಾವ ಸೆಕ್ಷನ್ನಿಗೆ ಹೆಡ್ ಆಗಬೇಕೆಂಬುದು ಆಫೀಸಿನಲ್ಲಿ ತೀರ್ಮಾನವಾಗುತ್ತಿರಲಿಲ್ಲ. ವಸಂತ ಬಂದಾಗ ಕೆರೆಯ ದಂಡೆಯ ಮೇಲೆ, ಥರ್ಮಾಸ್ ಕಾಫಿ ಕುಡಿಯುತ್ತ ತೀರ್ಮಾನವಾಗುತ್ತಿತ್ತು. ಹಿಂದೆ ಇದೇ ಪ್ರಶ್ನೆಗೆ ‘ನೋ’ ಅಂದಿದ್ದ ಒಬ್ಬ ಗುಜರಾತಿ ಇನ್ನೂ ಬಣ್ಣದ ಡಬ್ಬಗಳ ತೂಕ ನೋಡುತ್ತಲೇ ಇದ್ದ. ಹುಟ್ಟಿದಾಗಿನಿಂದ ಮೊಟ್ಟೆಯನ್ನು ಸಹ ಮುಟ್ಟದ, ಅಂಗಿಯ ಒಳಗೆ ಇಷ್ಟಲಿಂಗ ಕಟ್ಟಿಕೊಂಡಿದ್ದ ಅಡಿವೆಪ್ಪ, “ಯೆಸ್, ಆಫ್‌ಕೋರ್ಸ್” ಅಂದುಬಿಟ್ಟ.

ಮನೆಗೆ ಬಂದು ಹೆಂಡತಿಗೆ ಹೇಳಿದ. ಬಸಲಿಂಗಮ್ಮ ಚಪಾತಿ ಲಟ್ಟಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ಮೀನ ಹಿಡಿಯಾಕ ಹೊಂಟೀರಿ? ಕೊರಳಾಗ ಲಿಂಗ, ಕೈಯಾಗ ಗಾಳ?”

“ಹಿಡಿಯಂಗಿಲ್ಲ. ದಂಡಿಗೆ ನಿಂದ್ರೂದು ಅಷ್ಟ. ಗಾಳಕ್ಕ ನಾ ಏನೂ ಹಚ್ಚಂಗಿಲ್ಲ. ಯಾವ ಮೀನ ಬಂದು ಬರೇ ಕಬ್ಬಿಣ ಕಚ್ಚತೈತಿ?”

“ಮತ್ತ ಯಾಕ ಹೋಗೂದು?”

“ಡುಡೆಕ್ ಬರತಾನಲ್ಲ, ಅದಕ್ಕ.”

ಆಫೀಸಿನ ಪಾರ್ಟಿಗಳಲ್ಲಿ ಗಂಡ ಒಂದೇ ಗ್ಲಾಸು ಕಿತ್ತಳೆ ರಸ ಹಿಡಿದು ಮೂರು ತಾಸು ನಿಲ್ಲುವುದನ್ನು ಅವಳು ನೋಡಿದ್ದಳು. ಇದೂ ಅಂಥದ್ದೇ ಇರಬೇಕೆಂದುಕೊಂಡು ಮತ್ತೆ ಲಟ್ಟಣಿಗೆ ಉರುಳಿಸಿದಳು.

ಹಿಂದಿನ ಅಕ್ಟೋಬರಿನಲ್ಲಷ್ಟೇ ಅವರು ಬಂದಿದ್ದ ಮನೆಯ ಹಿತ್ತಲು ದಾಟಿದರೆ ಒಂದು ಸಾಲು ಮರ, ಅದರಾಚೆ ಕೆರೆ. ಹಿಂದೆ ಯಾವಾಗಲೋ ಅಲ್ಲಿ ಮರ ಕೊಯ್ಯುವ ಮಿಲ್ಲು ಇತ್ತಂತೆ, ಅದಕ್ಕೇ ಸಾಮಿಲ್ ಪಾಂಡ್ ಎಂಬ ಹೆಸರು. ಬಸಲಿಂಗಮ್ಮ ಅದನ್ನು ಸಾಮಿಲ್ ಕೆರಿ ಅನ್ನುತ್ತಿದ್ದಳು. ದೊಡ್ಡದೇನಲ್ಲ. ಈ ದಂಡೆಯಿಂದ ಕೂಗಿದರೆ ಆ ದಂಡೆಗೆ ಕೇಳಿಸುವಷ್ಟು.

ಮಾರ್ಚ್ ತಿಂಗಳಲ್ಲಿ, ಹಿಮ ಇನ್ನೂ ಮರದ ನೆರಳಿನಲ್ಲಿ ಗುಪ್ಪೆಗುಪ್ಪೆಯಾಗಿ ಉಳಿದಿದ್ದಾಗ, ಸರ್ಕಾರದ ಒಂದು ಲಾರಿ ಬಂದು ಕೆರೆಯ ಪಕ್ಕ ನಿಂತಿತು. ತೊಡೆಯವರೆಗೆ ರಬ್ಬರ್ ಬೂಟು ಹಾಕಿಕೊಂಡ ಇಬ್ಬರು, ಲಾರಿಯ ತೊಟ್ಟಿಗಳಿಂದ ಬಲೆಯಲ್ಲಿ ಮೀನು ಮೊಗೆದು, ಬಕೆಟ್ಟಿಗೆ ಹಾಕಿ, ಒಂದೂ ಕೆಳಗೆ ಬೀಳದಂತೆ ಜೋಪಾನವಾಗಿ ನೀರಿಗೆ ಬಿಟ್ಟರು. ಅಡಿಗೆಮನೆಯ ಕಿಟಕಿಯಿಂದ ಬಸಲಿಂಗಮ್ಮ ಎಲ್ಲವನ್ನೂ ನೋಡಿದಳು. ಸಂಜೆ ಗಂಡ ಬಂದ ಕೂಡಲೇ ಕೇಳಿದಳು.

“ಅವರಾ? ಸರಕಾರದವರು,” ಎಂದ ಅಡಿವೆಪ್ಪ. “ಎಲ್ಲ್ಯೋ ಮರಿ ಮಾಡಿಸಿ, ಸಾಕಿ, ದೊಡ್ಡವು ಮಾಡಿ ತಂದು ಬಿಡತಾರ. ಟ್ರೌಟ್ ಅಂತ ಅವು.”

“ಯಾಕ ಬಿಡತಾರ?”

“ಕೆರಿಯಾಗ ಮೀನ ಇರಲಿ ಅಂತ.”

ಒಂದು ಮಾತೂ ಸುಳ್ಳಲ್ಲ. ಹೇಳದೆ ಉಳಿಸಿಕೊಂಡದ್ದು ಒಂದೇ ಮಾತು. ಅದನ್ನು ಏಪ್ರಿಲ್ ಬಂದಾಗ ನೋಡಿಕೊಂಡರಾಯಿತು ಎಂದು ಅವನು ಊಟಕ್ಕೆ ಕೂತ.

ಮರುದಿನ ಬಸಲಿಂಗಮ್ಮ ಶಾಲು ಹೊದ್ದು, ಸೀರೆಯ ಕೆಳಗೆ ಹಿಮದ ಬೂಟು ಹಾಕಿಕೊಂಡು ಕೆರೆಗೆ ಹೋದಳು. ದಂಡೆಯ ಮರಕ್ಕೆ ಹೊಸ ಬೋರ್ಡು ಹೊಡೆದಿದ್ದರು. ಕೆಂಪು ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು: ‘ನೋ ಫಿಶಿಂಗ್’. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೇನೋ ಇತ್ತು, ತಾರೀಖು ಕೂಡ ಇತ್ತು. ಆದರೆ ಈ ದೇಶದಲ್ಲಿ ಸೋಪಿನ ಪೊಟ್ಟಣದ ಮೇಲೂ ಸಣ್ಣ ಅಕ್ಷರ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ ಎಂಬುದನ್ನು ಐದು ವರ್ಷದಲ್ಲಿ ಕಲಿತಿದ್ದಳು. ಮೀನು ಸಾಕಿ ತಂದು ಕೆರೆಗೆ ಬಿಟ್ಟು, ಹಿಡಿಯಬೇಡಿ ಎಂದು ಬೋರ್ಡನ್ನೂ ಹಾಕಿಸುವ ಸರ್ಕಾರದ ಮೇಲೆ ಅವಳಿಗೆ ಒಮ್ಮೆಲೇ ಗೌರವ ಬಂತು.

ಹಳೆಯ ಮರದ ಬೊಡ್ಡೆಯೊಂದು ನೀರಿಗೆ ಚಾಚಿಕೊಂಡಿದ್ದ ಮೂಲೆಯಲ್ಲಿ ನಿಂತಳು. ಅವಳ ನೆರಳು ನೀರಿನ ಮೇಲೆ ಬಿದ್ದದ್ದೇ ತಡ, ಮೀನುಗಳು ಬಂದವು. ಹತ್ತಲ್ಲ, ಇಪ್ಪತ್ತಲ್ಲ, ಕಪ್ಪು ಬೆನ್ನುಗಳ ಗುಂಪೇ ಬಂದು ಬಾಯಿ ತೆರೆದು ನಿಂತಿತು. ಅವು ಹುಟ್ಟಿ ಬೆಳೆದದ್ದೆಲ್ಲ ಸರ್ಕಾರದ ಸಿಮೆಂಟು ತೊಟ್ಟಿಯಲ್ಲಿ. ಮೇಲೊಂದು ನೆರಳು ಬಿತ್ತೆಂದರೆ ಊಟ ಬಂತೆಂದೇ ಅವುಗಳ ಲೆಕ್ಕ. ಮನುಷ್ಯನೆಂದರೆ ಹೆದರಬೇಕೆಂದು ಅವಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಸಲಿಂಗಮ್ಮ ಬೆಳೆದ ಮನೆಯಲ್ಲಿ ಹಸಿದು ಬಂದವರನ್ನು ಹಾಗೇ ಕಳಿಸಿದ್ದೇ ಇಲ್ಲ. ಇಲ್ಲಿ ಹೇಳದೆ ಯಾರೂ ಬರುವುದಿಲ್ಲ. ಬರುವವರು ಫೋನ್ ಮಾಡಿ, ತಾವು ಡಯಟಿನಲ್ಲಿದ್ದೇವೆಂದು ತಿಳಿಸಿಯೇ ಬರುತ್ತಾರೆ. ಮಗಳು ಮಾಲಾ ಸೆಪ್ಟೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಕಾಲೇಜಿಗೆ ಹೋದ ಮೇಲಂತೂ ಮಾಡಿದ ಚಪಾತಿ ಮಾಡಿದಷ್ಟೇ ಉಳಿಯುತ್ತಿತ್ತು. ಹೀಗಿರುವಾಗ ಬಾಯಿ ತೆರೆದು ಎದುರಿಗೆ ನಿಂತವರನ್ನು ಕಂಡು ಅವಳು ಸುಮ್ಮನಿರುವುದಾದರೂ ಹೇಗೆ? ಹಿಂದಿರುಗಿ ಹೋಗಿ ನಿನ್ನೆಯ ಚಪಾತಿ ತಂದು ಚೂರು ಮಾಡಿ ಹಾಕಿದಳು. ಚೂರುಗಳು ತೇಲಿ ದೂರ ಹೋಗುವುದನ್ನು ಕಂಡು, ಮರುದಿನ ಕಣಕಕ್ಕೆ ಒಂದಿಷ್ಟು ಬೆಲ್ಲ ಸೇರಿಸಿ ಗಟ್ಟಿಯಾಗಿ ನಾದಿ, ಕಡಲೆಕಾಳಿನ ಗಾತ್ರದ ಉಂಡೆ ಮಾಡಿ ತಂದಳು. ಅದು ಸರಿಹೋಯಿತು. ಆಮೇಲೆ ದಿನವೂ ಮಧ್ಯಾಹ್ನ ಅದೇ ಕೆಲಸ.

“ಹೆಸರ ಹಿಡಿದು ಕರದಂಗ ಬರತಾವ ನೋಡು,” ಎಂದು ಫೋನಿನಲ್ಲಿ ಮಗಳಿಗೆ ಹೇಳಿದಳು.

“ದಟ್ಸ್ ನೈಸ್, ಅವ್ವಾ. ಐ ಹ್ಯಾವ್ ಅ ಟೆಸ್ಟ್ ಟುಮಾರೋ,” ಎಂದಳು ಮಾಲಾ.

ಸೀಸನ್ ಶುರುವಾಗುವ ಮೊದಲು ಕೆರೆಗೆ ಬಂದು ಸುಮ್ಮನೆ ನೀರು ನೋಡಿಹೋಗುವ ಚಟ ಊರಿನ ಗಂಡಸರಿಗಿತ್ತು. ಅವರಲ್ಲೊಬ್ಬ ಡುಡೆಕ್‌ಗೆ ಸುದ್ದಿ ಮುಟ್ಟಿಸಿದ: ಹಳದಿ ಸೀರೆಯ ಒಬ್ಬ ಇಂಡಿಯನ್ ಹೆಂಗಸು ಬೊಡ್ಡೆಯ ಮೂಲೆಯಲ್ಲಿ ಏನೋ ಎಸೆಯುತ್ತಾಳೆ, ಕೆರೆಯ ಟ್ರೌಟ್ ಪೂರ್ತಿ ಅಲ್ಲಿಗೇ ಬಂದು ನಿಲ್ಲುತ್ತದೆ.

ಡುಡೆಕ್ ನೇರ ಅಡಿವೆಪ್ಪನ ಮೇಜಿಗೆ ಬಂದ. “ಆಡಿ, ನೀನು ಸಾಮಾನ್ಯನಲ್ಲ. ಹೆಂಡತಿಯಿಂದ ಮೀನನ್ನೆಲ್ಲ ಒಂದು ಮೂಲೆಗೆ ಪಳಗಿಸಿಟ್ಟಿದ್ದೀಯ, ಬಾಯಿ ಬಿಟ್ಟಿಲ್ಲ! ಏನದು ಅವಳು ಹಾಕೋದು?”

“ಡೋ. ಗೋಧಿ ಹಿಟ್ಟು, ಬೆಲ್ಲ,” ಎಂದ ಅಡಿವೆಪ್ಪ.

“ಶನಿವಾರ ಓಪನಿಂಗ್ ಡೇ, ಎಂಟಕ್ಕೆ ನಿಷೇಧ ಮುಗಿಯುತ್ತೆ. ಸ್ವಲ್ಪ ತಾ.”

ಆಗಲ್ಲ ಅನ್ನಲು ಅಡಿವೆಪ್ಪ ಬಾಯಿ ತೆರೆದ. ಆದರೆ ಡುಡೆಕ್ ಆಗಲೇ ಅವನ ಬೆನ್ನು ತಟ್ಟಿ, “ಜಾರ್ಜ್ ಜೂನಿನಲ್ಲಿ ರಿಟೈರ್ ಆಗ್ತಾನೆ, ಗೊತ್ತಲ್ಲ?” ಎಂದು ಹೇಳಿ ಹೊರಟಿದ್ದ. ಜಾರ್ಜ್ ಅವರ ಸೆಕ್ಷನ್ನಿನ ಹೆಡ್.

ಶನಿವಾರ ಬೆಳಿಗ್ಗೆ ಬಸಲಿಂಗಮ್ಮ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದಾಗ, ಅಡಿವೆಪ್ಪ ಸದ್ದಿಲ್ಲದೆ ಫ್ರಿಜ್ಜು ತೆರೆದು, ಸ್ಟೀಲು ಡಬ್ಬಿಯಿಂದ ಒಂದು ಮುಷ್ಟಿ ಕಣಕ ತೆಗೆದು ಫಾಯಿಲ್ ಕಾಗದದಲ್ಲಿ ಸುತ್ತಿಕೊಂಡು ಹೋದ.

ಕೆರೆಯ ಸುತ್ತ ಜನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಟೋಪಿಗೆ ಲೈಸೆನ್ಸು ಸಿಕ್ಕಿಸಿಕೊಂಡವರು, ಮಡಚುವ ಕುರ್ಚಿ ತಂದವರು, ರಾತ್ರಿಯೇ ಬಂದು ಜಾಗ ಹಿಡಿದವರು. ಬೊಡ್ಡೆಯ ಮೂಲೆಯಲ್ಲಂತೂ ಕಾಲಿಡಲು ತೆರಪಿರಲಿಲ್ಲ. ಡುಡೆಕ್ ಫಾಯಿಲ್ ಬಿಚ್ಚಿ ಕ್ಲಬ್ಬಿನವರಿಗೆಲ್ಲ ಚಿಟಿಕೆ ಚಿಟಿಕೆ ಹಂಚಿದ. ಅಡಿವೆಪ್ಪ ಕೊಟ್ಟ ಮಾತಿನಂತೆ ಬರಿಯ ಗಾಳ ಹಿಡಿದು ನಿಂತಿದ್ದನ್ನು ಕಂಡು, “ಬೇಟ್ ಮರೆತೆಯಲ್ಲೋ!” ಎಂದು ನಗುತ್ತ, ತಾನೇ ಒಂದು ಉಂಡೆ ಮಾಡಿ ಅವನ ಗಾಳಕ್ಕೆ ಸಿಕ್ಕಿಸಿದ.

ಎಂಟಕ್ಕೆ ಫೈರ್ ಸ್ಟೇಷನ್ನಿನ ಸೈರನ್ ಕೂಗಿತು. ಗಾಳಗಳು ಒಟ್ಟಿಗೇ ನೀರಿಗೆ ಬಿದ್ದವು. ದಂಡೆಯ ಮೇಲಿನ ಅಷ್ಟೊಂದು ನೆರಳುಗಳನ್ನು ಕಂಡು, ಇವತ್ತು ಊಟ ದೊಡ್ಡದಿದೆ ಎಂಬಂತೆ ಮೀನುಗಳು ಓಡೋಡಿ ಬಂದವು.

ಸೈರನ್ ಕೇಳಿದ ಬಸಲಿಂಗಮ್ಮ ಎಲ್ಲೋ ಬೆಂಕಿ ಬಿದ್ದಿದೆಯೆಂದುಕೊಂಡು ಹಿತ್ತಲಿಗೆ ಬಂದಳು. ಮರಗಳ ಸಂದಿಯಲ್ಲಿ ಜನ ಕಂಡರು. ಹತ್ತಿರ ಹೋದಳು. ಅವಳ ಗುರುತು ಸಿಕ್ಕವನೊಬ್ಬ ಟೋಪಿ ತೆಗೆದು, “ಥ್ಯಾಂಕ್ಯೂ, ಮ್ಯಾಮ್!” ಎಂದು ದಾರಿ ಬಿಟ್ಟ. ಅವನ ಕಾಲ ಬಳಿ ಬಕೆಟ್ಟಿನಲ್ಲಿ ಮೀನುಗಳು ಒದ್ದಾಡುತ್ತಿದ್ದವು. ಮುಂದೆ ಅವಳ ಗಂಡ ಬಾಗಿದ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ದಾರದ ತುದಿಯಲ್ಲಿ ಮೀನೊಂದು ನೀರು ಬಿಟ್ಟು ಮೇಲೆ ಹಾರುತ್ತಿತ್ತು.

ಡುಡೆಕ್‌ನ ಗಾಳದ ಡಬ್ಬದ ಮೇಲೆ ಬಿಚ್ಚಿಟ್ಟಿದ್ದ ಫಾಯಿಲನ್ನು ಅವಳು ನೋಡಿದಳು. ಚಿಟಿಕೆ ಎತ್ತಿ ಮೂಸಿದಳು.

“ಇದು ನಮ್ಮನಿ ಕಣಕ,” ಎಂದಳು.

“ಎಳಿ, ಆಡಿ, ಎಳಿ!” ಎಂದು ಡುಡೆಕ್ ಕೂಗುತ್ತಿದ್ದ. ಬಸಲಿಂಗಮ್ಮ ತಿರುಗಿ ಬೋರ್ಡಿನ ಕಡೆ ನೋಡಿದಳು. ಅದರ ಮೇಲೆ ಯಾರೋ ಜಾಕೆಟ್ಟು ನೇತುಹಾಕಿದ್ದರು. ಅವಳು ಮನೆಗೆ ನಡೆದಳು.

ಮಧ್ಯಾಹ್ನ ಅಡಿವೆಪ್ಪ ಮೀನನ್ನು ಡುಡೆಕ್‌ಗೇ ಕೊಟ್ಟು, ಬರಿಗೈಯಲ್ಲಿ ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದ. ಅಡಿಗೆ ಎಂದಿನಂತೆಯೇ ಆಗಿತ್ತು. ಚಪಾತಿ, ಬದನೆಕಾಯಿ ಪಲ್ಯ, ಮೊಸರು, ಚಟ್ನಿಪುಡಿ. ಬಸಲಿಂಗಮ್ಮ ಬಡಿಸಿ ಎದುರಿಗೆ ಕೂತಳು. ಅವನ ಕೈ ತಟ್ಟೆಗೆ ಹೋಗಲಿಲ್ಲ.

“ಉಣ್ರಿ,” ಎಂದಳು. “ಇದರಾಗ ಗಾಳ ಇಲ್ಲ.”

ಸಂಜೆಯ ಹೊತ್ತಿಗೆ ಅವನಿಗೆ ಸ್ವಲ್ಪ ಧೈರ್ಯ ಬಂತು. “ಸರಕಾರದವರು ಸಾಕೂದ ಅದಕ್ಕ. ಲೈಸೆನ್ಸ್ ರೊಕ್ಕದಾಗ ಮರಿ ಮಾಡಸ್ತಾರ. ಹಿಡಿಯಾಕಂತನ ತಂದು ಬಿಡತಾರ.”

“ಅವತ್ತ ಯಾಕ ಹೇಳಲಿಲ್ಲ ನೀವು?”

“ಹೇಳಿದ್ರ ನೀ ಬ್ಯಾಸರ ಮಾಡ್ಕೋತಿದ್ದಿ.”

“ಈಗ ಭಾಳ ಖುಷಿ ಆಗೇತಿ ನೋಡ್ರಿ,” ಎಂದು ಅವಳು ಎದ್ದು ಹೋದಳು.

ಅವಳನ್ನು ಚುಚ್ಚಿದ್ದು ಮೀನು ಸತ್ತದ್ದಷ್ಟೇ ಅಲ್ಲ. ಈ ದೇಶದಲ್ಲಿ ಜನ ಮೀನು ತಿನ್ನುತ್ತಾರೆ, ದನ ತಿನ್ನುತ್ತಾರೆ, ಅದು ಗೊತ್ತಿದ್ದದ್ದೇ. ಆದರೆ ತಾನು ಕರೆದೆನೆಂದು ಬಂದವು ಅವು. ಊಟಕ್ಕೆ ಕರೆದು ಕೂಡಿಸಿ, ಬಾಗಿಲು ಹಾಕಿಕೊಂಡು ಹೊಡೆದಂತಾಯಿತಲ್ಲ ಎಂದು ಅವಳಿಗೆ ಕೂತಲ್ಲಿ ನಿಂತಲ್ಲಿ ಅನಿಸುತ್ತಿತ್ತು. ಒಂದು ವಾರ ಹಿತ್ತಲ ಬಾಗಿಲನ್ನೇ ತೆಗೆಯಲಿಲ್ಲ.

ಮುಂದಿನ ವಾರ ಲಾರಿ ಮತ್ತೆ ಬಂತು. ಹಿಡಿದದ್ದು ಹಿಡಿದ ಹಾಗೆ ತುಂಬುತ್ತ ಹೋಗುವುದೇ ಸರ್ಕಾರದ ಪದ್ಧತಿ. ಅದರ ಬೆನ್ನಿಗೇ ದಂಡೆಯ ಮೇಲೆ ಹೊಸ ಪೋಸ್ಟರು ಬಿತ್ತು: ಏಪ್ರಿಲ್ ಕೊನೆಯ ಶನಿವಾರ ಕ್ಲಬ್ಬಿನ ಟ್ರೌಟ್ ಡರ್ಬಿ, ಎಲ್ಲಕ್ಕಿಂತ ದೊಡ್ಡ ಮೀನು ಹಿಡಿದವರಿಗೆ ಕಂಚಿನ ಟ್ರೋಫಿ. ಈ ಸಲ ಬಸಲಿಂಗಮ್ಮ ಸಣ್ಣ ಅಕ್ಷರಗಳನ್ನೂ ಬಿಡದೆ ಓದಿದಳು. ಮನೆಗೆ ಬಂದು ಶೈಲಮ್ಮನಿಗೆ ಫೋನ್ ಮಾಡಿದಳು.

ಶೈಲಮ್ಮ ತುಮಕೂರಿನವಳು. ಅವಳ ಗಂಡ ಪಂಚಾಕ್ಷರಯ್ಯ ಪಕ್ಕದ ಊರಿನಲ್ಲಿ ಡಾಕ್ಟರ್. ಸುತ್ತಮುತ್ತ ಕನ್ನಡ ಮಾತಾಡಲು ಬಸಲಿಂಗಮ್ಮನಿಗೆ ಇದ್ದವಳು ಅವಳೊಬ್ಬಳೇ. ಮೇಲಾಗಿ ಅವಳಿಗೆ ಕಾರು ಡ್ರೈವ್ ಮಾಡಲು ಬರುತ್ತಿತ್ತು.

“ಹೊಟ್ಟಿ ತುಂಬಿದವ್ರು ಮತ್ತ ತಿಂತಾರೇನು ಶೈಲಮ್ಮ?” ಎಂದು ಬಸಲಿಂಗಮ್ಮ ಕೇಳಿದಳು. “ಮದುವಿ ಊಟ ಉಂಡು ಎದ್ದವ್ರ ಮುಂದ ಇನ್ನೊಂದು ಎಲಿ ಹಾಕಿ ನೋಡು, ಮುಖ ತಿರವತಾರ. ಹಿಂದಿನ ದಿನ ನಾವು ಹೊಟ್ಟಿ ತುಂಬ ಹಾಕಿದ್ರ, ಮರದಿನ ಯಾವದು ಗಾಳಕ್ಕ ಬಾಯಿ ಹಾಕತೈತಿ?”

“ಅಲ್ಲ ಕಣ್ರೀ, ಮೀನಿಗೆ ಸಾಕು ಅನ್ನೋದು ಗೊತ್ತಾಗುತ್ತಾ?”

“ಗೊತ್ತಾಗೂ ಮಟ ಹಾಕೂದು.”

ಶುಕ್ರವಾರ ಅಡಿವೆಪ್ಪ ಕೆಲಸಕ್ಕೆ ಹೋದ ಮೇಲೆ ಶೈಲಮ್ಮನ ಸ್ಟೇಷನ್ ವ್ಯಾಗನ್ ಬಂದು ನಿಂತಿತು. ಅದರಲ್ಲಿ ಗೋಧಿ ಹಿಟ್ಟಿನ ಚೀಲಗಳಿದ್ದವು. ಬೆಲ್ಲ ಅಷ್ಟು ಸಿಗದ್ದರಿಂದ ಬ್ರೌನ್ ಶುಗರ್ ಬಂದಿತ್ತು. ಇಬ್ಬರೂ ಸೆರಗು ಸಿಕ್ಕಿಸಿ ನಾದಲು ಕೂತರು. ನಾದಿ ನಾದಿ ತೋಳು ಸೋತಾಗ ಕಾಫಿ ಕುಡಿದರು, ಬಿಟ್ಟುಬಂದ ಊರಿನ ಮದುವೆಗಳನ್ನು ನೆನೆದರು, ಮತ್ತೆ ಉಂಡೆ ಕಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಎರಡು ಬಕೆಟ್ಟು, ಒಂದು ದೊಡ್ಡ ಪಾತ್ರೆ ತುಂಬಿತು.

ಕೆರೆಯ ದಂಡೆಯಲ್ಲಿ ಆ ಹೊತ್ತು ಯಾರೂ ಇರಲಿಲ್ಲ. ಬಸಲಿಂಗಮ್ಮ ಮೊದಲ ಮುಷ್ಟಿ ಎಸೆದಳು. ನೀರು ಕುದಿಯತೊಡಗಿತು. ಒಂದು ಬಕೆಟ್ಟು ಮುಗಿಯುವ ತನಕ ಹಾಗೇ ಕುದಿಯಿತು. ಎರಡನೆಯದು ಅರ್ಧವಾದಾಗ ಸದ್ದು ಸಣ್ಣದಾಯಿತು. ಪಾತ್ರೆಯ ತಳ ಕಾಣುವಾಗ ಮೀನುಗಳು ಅಲ್ಲೇ ಇದ್ದವು, ಆದರೆ ಉಂಡೆಗಳು ಅವುಗಳ ಮೂಗಿನ ಮುಂದೆಯೇ ಮೆಲ್ಲಗೆ ತಳಕ್ಕೆ ಇಳಿದು ಹೋದವು.

“ಸಾಕಂದುವು ನೋಡು,” ಎಂದು ಬಸಲಿಂಗಮ್ಮ ಕೈ ಝಾಡಿಸಿಕೊಂಡಳು. ಆ ದೊಡ್ಡ ದೇಶದಲ್ಲಿ ಅವಳ ಕೈಯಡಿಗೆಯನ್ನು ಹೊಟ್ಟೆ ತುಂಬ ಉಂಡು ಸಾಕೆಂದವರು ಅವರೇ ಮೊದಲಿಗರು. ರಸ್ತೆಯಲ್ಲಿ ಒಂದು ನೀಲಿ ಕಾರು ನಿಂತು, ಸ್ವಲ್ಪ ಹೊತ್ತು ಇದ್ದು, ಮುಂದೆ ಹೋಯಿತು. ಇಬ್ಬರೂ ಅದರ ಕಡೆ ಗಮನ ಕೊಡಲಿಲ್ಲ.

ಮರುದಿನ ಡರ್ಬಿಗೆ ಮೂರು ಊರುಗಳ ಜನ ಬಂದಿದ್ದರು. ಸೈರನ್ ಆಯಿತು, ಗಾಳಗಳು ಬಿದ್ದವು, ಮತ್ತೇನೂ ಆಗಲಿಲ್ಲ. ಒಂಬತ್ತಾದರೂ ಯಾವ ದಾರವೂ ಅಲುಗಲಿಲ್ಲ. ಅಡಿವೆಪ್ಪ ಈ ಸಲ ಕಣಕ ತಂದಿರಲಿಲ್ಲ; ಎರೆಹುಳು ತೆಗೆದು ಸಾಲ್ಮನ್ ಮೊಟ್ಟೆ ಹಾಕಿದರು, ಅದು ತೆಗೆದು ಚೀಸ್, ಆಮೇಲೆ ಡಬ್ಬಿಯ ಜೋಳದ ಕಾಳು, ಕೊನೆಗೆ ಮಾರ್ಷ್‌ಮೆಲೋ. ನೀರು ತಿಳಿಯಾಗಿತ್ತು, ಮೀನುಗಳು ಕಣ್ಣಿಗೆ ಕಾಣುತ್ತಲೇ ಇದ್ದವು. ಶ್ರಾದ್ಧದೂಟ ಉಂಡ ಪುರೋಹಿತರಂತೆ ಮೈ ಭಾರ ಮಾಡಿಕೊಂಡು, ಕಿವಿರು ಮಾತ್ರ ಆಡಿಸುತ್ತ ತಳದಲ್ಲಿ ನಿಂತಿದ್ದವು. ಡುಡೆಕ್‌ನ ಕತ್ತು ಕೆಂಪಗಾಗುತ್ತ ಬಂತು.

ಅಡಿವೆಪ್ಪ ಎಲ್ಲರಿಂದ ದೂರ, ಆಚೆ ತುದಿಯಲ್ಲಿ ನಿಂತಿದ್ದ. ಈ ಸಲ ಏನಾದರಾಗಲಿ, ಹೆಂಡತಿಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕೆಂದು ಬರಿಯ ಗಾಳವನ್ನೇ ನೀರಿಗೆ ಬಿಟ್ಟು, ಯಾರೂ ಬಂದು ನೋಡದಿರಲೆಂದು ಹಾರೈಸುತ್ತಿದ್ದ. ಹನ್ನೊಂದರ ಸುಮಾರಿಗೆ ದಾರ ಜಗ್ಗಿತು. ಮೀನು ಬಿಡಿಸಿಕೊಂಡು ಹೋಗಲೆಂದು ಅವನು ದಾರ ಸಡಿಲ ಬಿಟ್ಟ. ಮೀನು ಹೋಗಲಿಲ್ಲ. ಕೋಲನ್ನು ಅತ್ತ ಇತ್ತ ಅಲುಗಿಸಿದ. ಅಷ್ಟರಲ್ಲಿ ಡುಡೆಕ್ ಕೈಬಲೆ ಹಿಡಿದು ಓಡಿಬಂದು, ಮಂಡಿಯವರೆಗೆ ನೀರಿಗಿಳಿದು ಮೀನನ್ನು ಎತ್ತಿಯೇಬಿಟ್ಟ. ಗೇಣುದ್ದದ ಬಡಕಲು ಮೀನು. ಇಡೀ ಡರ್ಬಿಗೆ ಸಿಕ್ಕದ್ದು ಅದೊಂದೇ.

“ಏನು ಬೇಟ್ ಹಾಕಿದ್ದೆ?” ಎಂದು ಡುಡೆಕ್ ಎಲ್ಲರೆದುರು ಕೇಳಿದ.

“ನಥಿಂಗ್,” ಎಂದ ಅಡಿವೆಪ್ಪ.

ಎಲ್ಲರೂ ಗೊಳ್ಳೆಂದು ನಕ್ಕರು. ಒಳ್ಳೆಯ ಮೀನುಗಾರ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ ಎಂಬುದು ಅವರಿಗೆ ಗೊತ್ತಿದ್ದ ವಿಚಾರ. ಕಂಚಿನ ಟ್ರೋಫಿ ಆಡಿಯ ಕೈಗೆ ಬಂತು, ಫೋಟೋ ತೆಗೆದರು.

ಟ್ರೋಫಿಯ ನೆತ್ತಿಯ ಮೇಲೆ ಬಾಲ ಎತ್ತಿದ ಮೀನಿತ್ತು. ಅದನ್ನು ಒಳಗೆ ತರುವ ಹಾಗೇ ಇರಲಿಲ್ಲ. ಅಡಿವೆಪ್ಪ ಗ್ಯಾರೇಜಿನಲ್ಲಿ ಹಿಮ ಎತ್ತುವ ಸಲಿಕೆಯ ಹಿಂದೆ ಇಟ್ಟು ಬಂದು, ನಡೆದದ್ದೆಲ್ಲ ಹೇಳಿದ. ಬಸಲಿಂಗಮ್ಮ ಗಮನವಿಟ್ಟು ಕೇಳಿದಳು. ಒಂದೇ ಒಂದು ಮೀನು ಎಂದಾಗ ಅವಳ ಮುಖ ಅರಳಿ, ಮತ್ತೆ ಸಣ್ಣದಾಯಿತು.

“ಅದೊಂದು ಉಣ್ಣದ ಉಳದಿತ್ತಂತ ಕಾಣತೈತಿ,” ಎಂದಳು. “ಬಡಕಲು ಅಂದ್ರಲ್ಲ? ಹಿಂದ ನಿಂತಿರಬೇಕು. ಮುಂದಿನವು ಅದಕ್ಕ ಬಿಟ್ಟಿರಲಿಕ್ಕಿಲ್ಲ.”

ಅಡಿವೆಪ್ಪ ಅವಳನ್ನು ದಿಟ್ಟಿಸಿ ನೋಡಿದ. “ಉಣ್ಣದ ಅಂದ್ರ? ಏನ್ ಮಾಡಿದಿ ನೀ?”

ಅವಳು ಹೇಳಿದಳು. ಬಕೆಟ್ಟು, ಪಾತ್ರೆ, ಶೈಲಮ್ಮ, ಎಲ್ಲ.

“ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಬ್ಯಾಸರ ಮಾಡ್ಕೋತಿದ್ರಿ,” ಎಂದಳು ಬಸಲಿಂಗಮ್ಮ. ಮೂರು ವಾರದ ಮೇಲೆ ಆ ಮನೆಯಲ್ಲಿ ಗಂಡಹೆಂಡತಿ ಇಬ್ಬರೂ ಒಟ್ಟಿಗೆ ನಕ್ಕರು.

ಸೋಮವಾರ ಅಡಿವೆಪ್ಪನ ನಗು ನಿಂತಿತು. ಪೇಂಟ್ ಕಾರ್ಖಾನೆಯ ನೀರು ಕೆರೆಗೆ ಸೇರಿ ಮೀನಿಗೆ ಏನೋ ಆಗಿದೆ ಎಂದು ಊರಿನಲ್ಲಿ ಗುಸುಗುಸು ಎದ್ದಿತ್ತು. ಡುಡೆಕ್ ಗಾಬರಿಯಾಗಿದ್ದ. “ನೀನೇ ಟೆಸ್ಟ್ ಮಾಡಬೇಕು, ಆಡಿ. ಕೆಮಿಸ್ಟ್ರಿಯೂ ಗೊತ್ತು, ಟ್ರೌಟೂ ಗೊತ್ತು. ನಿನ್ನ ಮಾತನ್ನು ಎಲ್ಲರೂ ನಂಬ್ತಾರೆ.”

ಅಡಿವೆಪ್ಪ ಕೆರೆಯ ನಾಲ್ಕೂ ಕಡೆಯ ನೀರು ತಂದು ಶ್ರದ್ಧೆಯಿಂದ ಪರೀಕ್ಷೆ ಮಾಡಿದ. ಸೀಸ ಇಲ್ಲ, ಪಾದರಸ ಇಲ್ಲ, ಕಾರ್ಖಾನೆಯ ಯಾವ ವಿಷವೂ ಇಲ್ಲ. ಎಲ್ಲ ಮುಗಿದ ಮೇಲೆ, ಬೊಡ್ಡೆಯ ಮೂಲೆಯ ತಳದಿಂದ ತಂದ ನೀರಿಗೆ ಸುಮ್ಮನೆ ಒಂದು ಹನಿ ಅಯೋಡಿನ್ ಬಿಟ್ಟ. ನೀರು ನೀಲಿಯಾಯಿತು. ಹಿಟ್ಟು! ಬಾಗಿಲ ಕಡೆ ಒಮ್ಮೆ ನೋಡಿ, ಅದನ್ನು ಸಿಂಕಿಗೆ ಚೆಲ್ಲಿ, ಗಾಜಿನ ನಳಿಗೆಯನ್ನು ಸೋಪು ಹಾಕಿ ತೊಳೆದ. ನೀರಿನಲ್ಲಿ ಕೆಡುಕು ಮಾಡುವಂಥದ್ದೇನೂ ಇಲ್ಲ ಎಂದು ಡುಡೆಕ್‌ಗೆ ಹೇಳಿದ. ಅದೂ ಸುಳ್ಳಲ್ಲ.

ನೀರು ಚೆನ್ನಾಗಿದ್ದರೂ ಮೀನು ಸಿಗಲಿಲ್ಲವೆಂದರೆ ಕಣ್ಣಿಗೆ ಕಂಡವಷ್ಟೇ ಇರುವುದು, ಸರ್ಕಾರ ಬಿಟ್ಟ ಮೀನೇ ಕಡಿಮೆ ಎಂದು ಕ್ಲಬ್ಬಿನವರು ನಿರ್ಣಯಿಸಿ, ಮೇಲಿನವರಿಗೆ ಜೋರಾಗಿ ದೂರಿದರು. ಮೇಲಿನವರು ನಾಚಿ, ಮೊದಲಿನದಕ್ಕಿಂತ ದೊಡ್ಡ ಲಾರಿ ಕಳಿಸಿದರು. ಜಾರ್ಜ್ ರಿಟೈರಾದ, ಅಡಿವೆಪ್ಪ ಸೆಕ್ಷನ್ ಹೆಡ್ ಆದ. ಕಾರ್ಖಾನೆಯ ಮಾನ ಉಳಿಸಿದವನೆಂದೂ, ಏನೂ ಹಾಕದೆ ಮೀನು ಹಿಡಿಯಬಲ್ಲವನೆಂದೂ ಅವನ ಹೆಸರಾಯಿತು.

ದೊಡ್ಡ ಲಾರಿಯನ್ನು ಕಂಡ ಬಸಲಿಂಗಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಗಾಳದಿಂದ ತಪ್ಪಿಸಹೋಗಿ, ಗಾಳಕ್ಕೆ ಇನ್ನೊಂದು ಲಾರಿ ಮೀನು ತರಿಸಿದಂತಾಗಿತ್ತು. ಆಗ ಮನೆಯ ಮುಂದೆ ನೀಲಿ ಕಾರು ನಿಂತಿತು. ಇಳಿದು ಬಂದವಳು ಡುಡೆಕ್‌ನ ಹೆಂಡತಿ ಮಾರ್ಗರೆಟ್. ಕೈಯಲ್ಲಿ ಕೇಕು.

“ಆ ಶುಕ್ರವಾರ ನಿಮ್ಮನ್ನು ನೋಡಿದೆ,” ಎಂದಳು ಮಾರ್ಗರೆಟ್, ಅರ್ಥವಾಗಲೆಂದು ಇಂಗ್ಲಿಷನ್ನು ನಿಧಾನ ಮಾಡಿ. “ಹೆದರಬೇಡಿ. ಕ್ಯಾಸ್‌ಗೆ ಹೇಳಿಲ್ಲ.”

ಬಸಲಿಂಗಮ್ಮ ಎದ್ದು ನಿಂತಳು.

“ಮದುವೆಯಾದಾಗಿನಿಂದ ಅವನು ಹಿಡಿದ ಮೀನಿನ ಹೊಟ್ಟೆ ಸೀಳಿ ತೊಳೀತಾ ಇದೀನಿ. ಅವನು ತಿನ್ನೋದೇ ಇಲ್ಲ, ಮುಳ್ಳು ಅಂತಾನೆ. ಫ್ರೀಜರ್ ತುಂಬಿದೆ. ಉಳಿದದ್ದನ್ನು ಟೊಮ್ಯಾಟೊ ಗಿಡದ ಬುಡಕ್ಕೆ ಹೂಳ್ತೀನಿ. ಡರ್ಬಿ ದಿನ ಅವನು ಬರಿಗೈಯಲ್ಲಿ ಬಂದ. ಕೈ ವಾಸನೆ ಇಲ್ಲದೆ ಸಂಜೆ ಚರ್ಚಿಗೆ ಹೋಗಿದ್ದೆ, ಗೊತ್ತಾ?” ಅವಳು ಬಸಲಿಂಗಮ್ಮನ ಕೈ ಹಿಡಿದುಕೊಂಡಳು. “ಇನ್ನು ಯಾವಾಗ ಮಾಡ್ತೀರಿ? ನಾನೂ ಬರ್ತೀನಿ.”

ಬಸಲಿಂಗಮ್ಮನಿಗೆ ಇಂಗ್ಲಿಷು ಅರ್ಧ ತಿಳಿಯಿತು, ಮಾತು ಪೂರ್ತಿ ತಿಳಿಯಿತು. ಕೇಕಿನಲ್ಲಿ ಮೊಟ್ಟೆಯಿರುವುದನ್ನು ಹೇಳಿ ಮನಸ್ಸು ನೋಯಿಸಬಾರದೆಂದು ತೆಗೆದಿಟ್ಟು, ಮಾರ್ಗರೆಟ್‌ಗೆ ಉಪ್ಪಿಟ್ಟು ಮಾಡಿಕೊಟ್ಟಳು. ಅವಳು ಎರಡನೆಯ ಸಲ ಹಾಕಿಸಿಕೊಂಡು ತಿಂದಳು.

ಜುಲೈ ಬಂತು. ಬಿಸಿಲು ಧಾರವಾಡದ್ದನ್ನು ಮೀರಿಸುವಂತಿತ್ತು. ಒಂದು ಬೆಳಿಗ್ಗೆ ಕೆರೆಯ ತುಂಬ, ಗಾಳಗಳಿಂದ ತಪ್ಪಿಸಿಕೊಂಡಿದ್ದ ಟ್ರೌಟುಗಳು ಬಿಳಿಯ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಸಲಿಂಗಮ್ಮ ಗಂಡನನ್ನು ಕರೆದು ತೋರಿಸಿದಳು.

“ಇವು ತಂಪ ನೀರಿನ ಮೀನ,” ಎಂದ ಅಡಿವೆಪ್ಪ. ಈ ಸಲ ಏನನ್ನೂ ಮುಚ್ಚಿಡಲಿಲ್ಲ. “ಈ ಕೆರಿ ಬ್ಯಾಸಗಿಗೆ ಕಾಯತೈತಿ. ಇದರಾಗ ಅವು ಉಳಿಯೂದ ಇಲ್ಲ. ಪ್ರತಿ ವರ್ಷ ಹಿಂಗ.”

“ಸರಕಾರದವರಿಗೆ ಗೊತ್ತೈತೇನು?”

“ಗೊತ್ತೈತಿ.”

“ಗೊತ್ತಿದ್ದೂ ತಂದು ಬಿಡತಾರ?”

“ಹೂಂ.”

ಅವಳು ಕೆರೆಗೆ ಬೆನ್ನು ಮಾಡಿ ಮನೆಯ ಕಡೆ ನಡೆದಳು. ಇನ್ನು ಇವಳು ಕೆರೆಯ ಸುದ್ದಿಗೆ ಹೋಗುವುದಿಲ್ಲ ಎಂದು ಅಡಿವೆಪ್ಪ ಎಣಿಸಿದ.

ಆದರೆ ಮರುವರ್ಷ ಡರ್ಬಿಯ ತಾರೀಖು ಗೊತ್ತಾದಂತೆ ಮನೆಗೆ ಗೋಧಿ ಹಿಟ್ಟಿನ ಚೀಲಗಳು ಬರತೊಡಗಿದವು.

“ಹ್ಯಾಂಗೂ ಜುಲೈದಾಗ ಸಾಯೂವು ಅವು,” ಎಂದ ಅಡಿವೆಪ್ಪ ಮೆಲ್ಲಗೆ.

“ನಾ ಅವಕ್ಕ ಆಯುಷ್ಯ ಕೊಡಾಕ ಹೊಂಟಿಲ್ರಿ. ಊಟಕ್ಕ ಹಾಕಾಕ ಹೊಂಟೀನಿ,” ಎಂದು ಬಸಲಿಂಗಮ್ಮ ಅವನ ಮುಂದೆ ಒಂದು ಪರಾತ ಕಣಕ ಇಟ್ಟಳು. ಸೆಕ್ಷನ್ ಹೆಡ್ ಅಂಗಿಯ ತೋಳು ಮಡಚಿ ನಾದಲು ಕೂತ.

ಆ ಶುಕ್ರವಾರ ಮಾರ್ಗರೆಟ್ ತನ್ನ ಜೊತೆ ಕ್ಲಬ್ಬಿನವರ ಇನ್ನಿಬ್ಬರು ಹೆಂಡತಿಯರನ್ನು ಕರೆತಂದಳು. ಮರುದಿನದ ಡರ್ಬಿಯಲ್ಲಿ ಯಾರಿಗೂ, ಅಡಿವೆಪ್ಪನಿಗೂ ಸಹ, ಏನೂ ಸಿಗಲಿಲ್ಲ. ಸಾಮಿಲ್ ಪಾಂಡಿನ ಗ್ರಹಚಾರವೇ ಸರಿಯಿಲ್ಲವೆಂದು ಕ್ಲಬ್ಬಿನ ಗಂಡಸರು ಗುಟ್ಟಾಗಿ ಸಭೆ ಸೇರಿ, ಮುಂದಿನ ವರ್ಷದಿಂದ ಡರ್ಬಿಯನ್ನು ಐದು ಮೈಲಿ ಆಚೆಯ ಇನ್ನೊಂದು ಕೆರೆಗೆ ಬದಲಾಯಿಸುವುದೆಂದೂ, ಈ ಮಾತು ಸದ್ಯಕ್ಕೆ ಹೊರಗೆ ಹೋಗಕೂಡದೆಂದೂ ತೀರ್ಮಾನಿಸಿದರು.

ಮಾರನೆಯ ದಿನವೇ ಮಾರ್ಗರೆಟ್ ಆ ಸುದ್ದಿ ತಂದಳು. ಶೈಲಮ್ಮನೂ ಬಂದಿದ್ದಳು. ಮೂವರೂ ಕಾಫಿ ಕುಡಿದರು. ಆಮೇಲೆ, ದೊಡ್ಡ ಪಾತ್ರೆ ಸ್ಟೇಷನ್ ವ್ಯಾಗನ್ನಿನ ಹಿಂಭಾಗದಲ್ಲಿ ಹಿಡಿಸುತ್ತದೆಯೋ ಇಲ್ಲವೋ ನೋಡೋಣವೆಂದು ಪಾತ್ರೆಯನ್ನು ಎರಡು ಕಡೆ ಹಿಡಿದು ಹೊರಗೆ ಹೋದರು.